ಡಬ್ಬಿ ಕೊಟ್ಟ ಕೈ

ನಾಡೀನ್ ಶೆಲರ್ ಬಾಯಿ ಜೋರು ಎಂಬುದು ಟರ್ನರ್ ಗ್ಯಾಪ್ ಊರಿಗೆಲ್ಲ ಗೊತ್ತಿದ್ದ ಮಾತು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಬಡಿಸಿದವಳು. ಅವಳು ಒಮ್ಮೆ ಗದರಿದರೆ ಸಾಕು, ಊಟದ ಸಾಲು ದಾರ ಹಿಡಿದಂತೆ ನೆಟ್ಟಗಾಗುತ್ತಿತ್ತು. ಭಾನುವಾರಗಳಲ್ಲಿ ಅದೇ ಗಂಟಲು ಬ್ಯಾಪ್ಟಿಸ್ಟ್ ಚರ್ಚಿನ ಹಾಡುಗಾರರ ಮುಂದಿನ ಸಾಲಿನಲ್ಲಿ ಮೊಳಗುತ್ತಿತ್ತು. ವರ್ಷಕ್ಕೆ ಎರಡು ಭಾನುವಾರ ಮಾತ್ರ, ಊರಾಚೆಯ ಟ್ರ್ಯಾಕಿನಲ್ಲಿ ದೊಡ್ಡ ಕಾರು ರೇಸು ಇದ್ದಾಗ, ದೇವರು ಅವಳನ್ನು ಮನ್ನಿಸಬೇಕಾಗಿತ್ತು.

ಗಂಡ ಗಾರ್ನೆಟ್ ಅವಳಿಗೆ ತೀರ ತದ್ವಿರುದ್ಧ. ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ಪಾಲಿಶ್ ಹಾಕುವ ಕೆಲಸ ಅವನದು. ಅಪ್ಪ ಕುಡಿದು ಕುಡಿದು ಸತ್ತದ್ದನ್ನು ಕಣ್ಣಾರೆ ಕಂಡವನಾದ್ದರಿಂದ ಹನಿ ಹೆಂಡ ಮುಟ್ಟುತ್ತಿರಲಿಲ್ಲ. ರೇಸಿಗೆ ಬಂದರೂ ಕಿವಿಗೆ ಹತ್ತಿ ತುರುಕಿಕೊಂಡು, ಯಾವ ಸುತ್ತಿನಲ್ಲಿ ಯಾವ ಕಾರು ಮುಂದಿತ್ತು ಎಂದು ಸಣ್ಣ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತ ಕೂರುವ ಆಸಾಮಿ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಗ್ಯಾಲರಿಯಲ್ಲಿ ಅವನು ಕೂಗಿದ್ದನ್ನು ನಾಡೀನ್ ಕೇಳಿರಲಿಲ್ಲ.

ಕೂಗುವವಳು ಅವಳು. ಕೂಗುತ್ತಿದ್ದದ್ದು ಡ್ವೈಟ್ ಏಕರ್ಸ್‌ಗಾಗಿ. ಡ್ವೈಟ್ ಆ ಊರಿನವನೇ. ಅವನಪ್ಪ ರೇಸು ಓಡಿಸುತ್ತಿದ್ದ ಕಾಲದಲ್ಲಿ ನಾಡೀನಳ ಅಣ್ಣ ರೆಕ್ಸ್ ಅವರ ಕಾರಿಗೆ ಟೈರು ಬದಲಿಸುತ್ತಿದ್ದ. ರೆಕ್ಸ್ ತೀರಿಕೊಂಡು ಎಂಟು ವರ್ಷ. ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಡ್ವೈಟ್ ಕೂಡ ಒಬ್ಬ. ಹಾಗಾಗಿ ಅವನ ನೀಲಿ ಕಾರು ತಿರುವಿನಲ್ಲಿ ಕಾಣಿಸಿಕೊಂಡಾಗಲೆಲ್ಲ ನಾಡೀನ್‌ಗೆ ಅಣ್ಣನೇ ಎದುರು ಬಂದಂತಾಗುತ್ತಿತ್ತು.

ಆ ಏಪ್ರಿಲ್ ಭಾನುವಾರ ಮಧ್ಯಾಹ್ನ, ಕೊನೆಯ ಸುತ್ತಿನಲ್ಲಿ ಡ್ವೈಟ್ ಮುಂದಿದ್ದ. ಅವನ ಬೆನ್ನಿಗೇ ಕ್ಯಾಲಿಫೋರ್ನಿಯಾದ ಬ್ರೆಂಟ್ ಕೆಸ್ಲಿಂಗ್. ಕೊನೆಯ ತಿರುವಿನಲ್ಲಿ ಕೆಸ್ಲಿಂಗ್ ಹಿಂದಿನಿಂದ ಗುದ್ದಿದ. ನೀಲಿ ಕಾರು ಗಿರ್ರನೆ ತಿರುಗಿ ಗೋಡೆಗೆ ಅಪ್ಪಳಿಸಿತು. ಕೆಸ್ಲಿಂಗ್ ಪಕ್ಕದಲ್ಲಿ ನುಸುಳಿಕೊಂಡು ಹೋಗಿ ಗೆದ್ದ.

ಡ್ವೈಟ್ ಕಿಟಕಿಯಿಂದ ಹೊರಗೆ ಬಂದು, ತಾನು ಚೆನ್ನಾಗಿದ್ದೇನೆಂದು ಕೈ ಎತ್ತಿ ತೋರಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಸ್ಲಿಂಗ್ ಗ್ಯಾಲರಿಯ ಮುಂದೆಯೇ ಕಾರು ಗಿರಗಿರ ತಿರುಗಿಸಿ, ಟೈರಿನ ಹೊಗೆಯೆಬ್ಬಿಸಿ, ಕಿಟಕಿಯಿಂದ ಕೈ ಹೊರಹಾಕಿ, ಇನ್ನೂ ಜೋರಾಗಿ ಬೈಯಿರಿ ಎನ್ನುವಂತೆ ಬೆರಳಾಡಿಸಿದ. ಜನ ಕೆರಳಿದರು. ಮೊದಲು ಒಂದು ಬಿಯರ್ ಡಬ್ಬಿ ಗ್ಯಾಲರಿಗೂ ಟ್ರ್ಯಾಕಿಗೂ ನಡುವಿನ ತಂತಿ ಬಲೆಯ ಮೇಲಿಂದ ಹಾರಿತು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ‘ದಯವಿಟ್ಟು ಎಸೀಬೇಡಿ, ಕೆಲಸದವರು ಟ್ರ್ಯಾಕ್ ಮೇಲಿದ್ದಾರೆ’ ಎಂದು ಮೈಕಿನಲ್ಲಿ ಒಬ್ಬ ಬೇಡಿಕೊಳ್ಳುತ್ತಲೇ ಇದ್ದ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ನಾಲ್ಕೈದು ಜನ ಪೊರಕೆ ಹಿಡಿದು ಡಬ್ಬಿಗಳನ್ನು ಗುಡಿಸುತ್ತಿದ್ದರು.

“ಏನ್ ನೋಡ್ತಾ ಕೂತಿದೀಯ, ಗಾರ್ನೆಟ್?” ಎಂದಳು ನಾಡೀನ್.

“ಬಿಡು ನಾಡೀನ್. ರೇಸು ಅಂದ್ಮೇಲೆ ಒಂದಕ್ಕೊಂದು ತಾಗ್ತವೆ.”

“ತಾಗೋದಾ? ಬೇಕೂ ಅಂತ ಗುದ್ದಿದಾನೆ! ರೆಕ್ಸ್ ಇದ್ದಿದ್ರೆ ಹಿಂಗೆ ಪೆನ್ಸಿಲ್ ಹಿಡ್ಕೊಂಡು ಕೂರ್ತಿದ್ನಾ?”

ಅವಳು ಕಾಲ ಬಳಿಯ ಐಸ್ ಪೆಟ್ಟಿಗೆಗೆ ಕೈ ಹಾಕಿದಳು. ತನಗೆಂದು ತಂದಿದ್ದ ಬಿಯರಿನಲ್ಲಿ ಒಂದು ತುಂಬಿದ ಡಬ್ಬಿ ಉಳಿದಿತ್ತು. ವರ್ಷಗಟ್ಟಲೆ ದೊಡ್ಡ ಪಾತ್ರೆಗಳನ್ನು ಎತ್ತಿಳಿಸಿ ಅವಳ ಬಲಭುಜ ಕೆಟ್ಟಿತ್ತು; ಕೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಡಬ್ಬಿಯನ್ನು ಗಂಡನ ಅಂಗೈಗೆ ಒತ್ತಿದಳು.

“ನನ್ ಭುಜ ನೆಟ್ಟಗಿದ್ದಿದ್ರೆ ನಾನೇ ಎಸೀತಿದ್ದೆ. ತಗೋ. ಒಂದ್ ಸಲನಾದ್ರೂ ಗಂಡಸಾಗು.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಗಾರ್ನೆಟ್‌ನ ಕಿವಿ ಕೆಂಪಾಯಿತು. ಪುಸ್ತಕವನ್ನು ಜೇಬಿಗಿಟ್ಟು ಎದ್ದು ನಿಂತ. ಪ್ರಾಯದಲ್ಲಿ ಕಾರ್ಖಾನೆಯ ತಂಡಕ್ಕೆ ಬೇಸ್‌ಬಾಲ್ ಎಸೆಯುತ್ತಿದ್ದವನು; ಕೈಗೆ ಅದು ಮರೆತಿರಲಿಲ್ಲ. ಡಬ್ಬಿ ಬಲೆಯ ತುದಿ ದಾಟಿ, ಬಿಸಿಲಿಗೆ ಮಿನುಗಿ, ಕೆಳಗಿಳಿಯಿತು. ಕೆಳಗೆ ಯಾರೋ ದೊಪ್ಪನೆ ಬಿದ್ದರು.

ನಾಡೀನ್ ಚಪ್ಪಾಳೆ ತಟ್ಟಿದಳು.

ಒಂದು, ಎರಡು, ಮೂರು ಸಲ ಕೈ ಬಡಿದ ಮೇಲೆ ಅವಳ ಕಣ್ಣಿಗೆ ಬಿದ್ದದ್ದು ಕಿತ್ತಳೆ ಅಂಗಿ. ಹೆಂಗಸು. ಪೊರಕೆ ಒಂದು ಕಡೆ ಬಿದ್ದಿತ್ತು. ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಮಂಡಿಯೂರಿದ್ದಳು. ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಗಾರ್ನೆಟ್ ಎಸೆದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

“ನಾನು ಕೆಳಗೆ ಹೋಗ್ತೀನಿ” ಎಂದ.

“ಕೊಂದ್ಹಾಕ್ತಾರೆ ನಿನ್ನ. ನಡಿ ಮನೆಗೆ” ಎಂದು ನಾಡೀನ್ ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

ಡೆಲ್ಫೀನ್ ಮೇಬ್ರಿ ಎಂಬುದು ಆ ಹೆಂಗಸಿನ ಹೆಸರೆಂದು ಸಂಜೆಯ ಸುದ್ದಿಯಲ್ಲಿ ತಿಳಿಯಿತು. ಪಕ್ಕದ ಕೌಂಟಿಯವಳು, ಶಾಲೆಯ ಬಸ್ಸು ಓಡಿಸುವವಳು, ರೇಸಿನ ದಿನ ಸೇವೆಗೆಂದು ಬರುತ್ತಿದ್ದವಳು. ಎಡಗಣ್ಣು ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದ್ದರು. ಗಾರ್ನೆಟ್ ಊಟ ಮುಟ್ಟಲಿಲ್ಲ. ನಾಡೀನ್ ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

ಮಂಗಳವಾರ ಬೆಳಿಗ್ಗೆ ಗಾರ್ನೆಟ್ ತಾನಾಗಿಯೇ ಪೊಲೀಸರ ಬಳಿ ಹೋಗಲು ಕೋಟು ಹಾಕಿಕೊಳ್ಳುತ್ತಿದ್ದಾಗ ಅವರೇ ಬಾಗಿಲಿಗೆ ಬಂದರು. ಯಾರದೋ ಫೋನಿನಲ್ಲಿ ಅವನು ಎಸೆಯುವುದು ಸೆರೆಯಾಗಿತ್ತು. ಬಂದವನು ಕೋಲ್ಬಿ ರಾಸ್ನೇಕ್, ಚಿಕ್ಕಂದಿನಲ್ಲಿ ನಾಡೀನಳ ಕೈಯಿಂದಲೇ ಬಡಿಸಿಕೊಂಡು ತಿಂದವನು. ಟೋಪಿ ತೆಗೆದು, ಶಾಲೆಯಲ್ಲಿ ಕರೆಯುತ್ತಿದ್ದ ಹಾಗೆಯೇ ಅವಳನ್ನು ಕರೆದ.

“ಕ್ಷಮಿಸಿ, ಮಿಸ್ ನಾಡೀನ್. ಗಾರ್ನೆಟ್ ಅವರ ಹತ್ರ ಮಾತಾಡ್ಬೇಕಿತ್ತು.”

“ನಾನೇ ಎಸೆದಿದ್ದು, ಕೋಲ್ಬಿ” ಎಂದ ಗಾರ್ನೆಟ್, ಅವನು ಕೇಳುವ ಮೊದಲೇ.

“ಯಾರಾದ್ರೂ ಏನಾದ್ರೂ ಅಂದ್ರಾ ಸಾರ್? ಕೆಣಕಿದ್ರಾ? ಅದನ್ನೂ ಬರ್ಕೊಳ್ಬೇಕು.”

ನಾಡೀನ್ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಗಾರ್ನೆಟ್ ಅವಳ ಕಡೆ ತಿರುಗಿಯೂ ನೋಡಲಿಲ್ಲ. “ಯಾರೂ ಏನೂ ಅನ್ಲಿಲ್ಲ. ಕೈ ನಂದು” ಎಂದ.

ಅವಳು ಬಾಯಿ ತೆರೆಯಬಹುದಿತ್ತು. ಮುನ್ನೂರು ಮಕ್ಕಳನ್ನು ಗದರುವ ಬಾಯಿ. ಒಗೆದ ಬಟ್ಟೆ ಹಿಂಡುವ ಹಾಗೆ ಕೈಯಲ್ಲಿದ್ದ ಬಟ್ಟೆ ಹಿಂಡುತ್ತ ನಿಂತಳು. ಕೋಲ್ಬಿ ಅವಳ ಗಂಡನನ್ನು ಕರೆದುಕೊಂಡು ಹೋದ. ಕೋರ್ಟಿನ ದಿನದವರೆಗೆ ಅವನನ್ನು ಜಾಮೀನಿನ ಮೇಲೆ ಬಿಟ್ಟರು.

ಆಮೇಲೆ ಶುರುವಾಯಿತು ಊರಿನ ಅನುಕಂಪ. ಪಾದ್ರಿಯ ಹೆಂಡತಿ ಆರ್ಫಾ, ಚಿಕನ್ನು ನೂಡಲ್ಸು ಹಾಕಿ ಬೇಯಿಸಿದ ದೊಡ್ಡ ಪಾತ್ರೆ ಹೊತ್ತು ತಂದಳು. “ಪಾಪ ಕಣೇ ನೀನು. ಮೇಲೆ ನೋಡಿದ್ರೆ ಎಷ್ಟು ಸಾಧು ಮನುಷ್ಯ! ಒಳಗೊಳಗೇ ಕುಡೀತಿದ್ನೇನೋ. ಅವರಪ್ಪನೂ ಹಂಗೇ ಅಲ್ವಾ?” ಎಂದು ಅವಳ ಬೆನ್ನು ಸವರಿದಳು.

ಆ ಡಬ್ಬಿ ತನ್ನದು, ಗಂಡ ಹನಿ ಮುಟ್ಟಿಲ್ಲ ಎಂದು ಹೇಳಲು ಎರಡು ಮಾತು ಸಾಕಾಗಿತ್ತು. ನಾಡೀನ್ ತಲೆ ತಗ್ಗಿಸಿದಳು. ಆರ್ಫಾ ಅದನ್ನು ಹೌದೆಂದೇ ತಿಳಿದುಕೊಂಡಳು. ವಾರದೊಳಗೆ ಗಾರ್ನೆಟ್ ಶೆಲರ್ ಕುಡುಕ ಎಂಬುದು ಊರಿನ ಮಾತಾಯಿತು. ಹತ್ತು ವರ್ಷದಿಂದ ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಡುತ್ತಿದ್ದವನಿಂದ ಮೈದಾನದ ಬೀಗದ ಕೈ ಈಸಿಕೊಂಡರು. ಅವನು ಅದನ್ನೂ ತುಟಿಪಿಟಕ್ಕೆನ್ನದೆ ಕೊಟ್ಟು ಬಂದ. ಆರ್ಫಾ ತಂದ ಅಡುಗೆಯನ್ನು ನಾಡೀನ್ ಮೂರು ದಿನ ಬಿಸಿ ಮಾಡಿ ಮಾಡಿ ತಿಂದಳು. ರುಚಿಯಾಗಿತ್ತು. ಅದೇ ಅವಳನ್ನು ಚುಚ್ಚಿತು.

ಕೋರ್ಟಿನಲ್ಲಿ ಡೆಲ್ಫೀನ್ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಬಂದಿದ್ದಳು. ಐವತ್ತರ ಆಸುಪಾಸಿನ, ಎಲುಬು ಗಟ್ಟಿಯಾದ ಹೆಂಗಸು. ಒಂದೇ ಕಣ್ಣಿನವರಿಗೆ ಶಾಲೆಯ ಬಸ್ಸು ಕೊಡುವುದಿಲ್ಲವಂತೆ, ಕೆಲಸ ಹೋಗಿತ್ತು. ಗಾರ್ನೆಟ್ ಅವಳ ಕಡೆ ತಿರುಗಿ, “ಅಮ್ಮಾ, ನಾನು ಮಾಡಿದ್ದಕ್ಕೆ ನನ್ನ ಹತ್ರ ಮಾತಿಲ್ಲ” ಎಂದಷ್ಟೇ ಹೇಳಿ ಕೂತ. ಇಪ್ಪತ್ತು ವಾರ, ಪ್ರತಿ ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆಯವರೆಗೆ ಜೈಲು, ಇನ್ನೆಂದೂ ಟ್ರ್ಯಾಕಿಗೆ ಕಾಲಿಡಕೂಡದು ಎಂದು ತೀರ್ಪಾಯಿತು. ನಾಡೀನ್ ಅತ್ತಳು. ಎದ್ದು ನಿಲ್ಲಲಿಲ್ಲ.

ಮೂರನೆಯ ಶನಿವಾರ ಗಂಡನನ್ನು ಜೈಲಿನ ಬಾಗಿಲಲ್ಲಿ ಇಳಿಸಿದ ಮೇಲೆ ಅವಳಿಗೆ ಕಾರನ್ನು ಮನೆಯ ಕಡೆ ತಿರುಗಿಸಲು ಆಗಲಿಲ್ಲ. ಎಂಜಿನ್ ಚಾಲೂ ಇಟ್ಟುಕೊಂಡೇ ಬಹಳ ಹೊತ್ತು ಕೂತಿದ್ದು, ಆಮೇಲೆ ಗುಡ್ಡ ದಾಟಿ ಪಕ್ಕದ ಕೌಂಟಿಗೆ ಹೋಗಿ, ಅಂಚೆ ಕಚೇರಿಯಲ್ಲಿ ಕೇಳಿ ಮನೆ ಹುಡುಕಿದಳು.

ಡೆಲ್ಫೀನ್ ಬಾಗಿಲು ತೆರೆದು, ತಲೆಯನ್ನು ಸ್ವಲ್ಪ ಓರೆ ಮಾಡಿ ಬಲಗಣ್ಣಿನಿಂದ ನೋಡಿದಳು.

“ನಾನು ಗಾರ್ನೆಟ್ ಶೆಲರ್ ಹೆಂಡ್ತಿ.”

“ಗೊತ್ತು. ಕೋರ್ಟಲ್ಲಿ ನೋಡ್ದೆ. ನೀವು ಅಳ್ತಿದ್ರಿ.” ಸ್ವಲ್ಪ ತಡೆದು, “ಬನ್ನಿ. ಹೊರಗೆ ನಿಲ್ಲಿಸಿ ಮಾತಾಡೋದು ನಮ್ಮಮ್ಮ ಕಲಿಸಿಲ್ಲ” ಎಂದಳು.

ಕಾಫಿ ಬಗ್ಗಿಸುವಾಗ ಡೆಲ್ಫೀನ್ ಲೋಟದ ಅಂಚಿಗೆ ಬೆರಳಿಟ್ಟುಕೊಂಡೇ ಬಗ್ಗಿಸಿದಳು. ಆದರೂ ಅರ್ಧ ಮೇಜಿಗೆ ಚೆಲ್ಲಿತು. ನಾಡೀನ್ ಒರೆಸಲು ಎದ್ದಳು.

“ಕೂತ್ಕೊಳ್ಳಿ. ನಾನೇ ಒರೆಸ್ತೀನಿ. ಅಭ್ಯಾಸ ಆಗ್ಬೇಕಲ್ಲ.”

ನಾಡೀನ್ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿಗೋ ಹೋದವು. “ಆ ಡಬ್ಬಿ ಕೊಟ್ಟಿದ್ದು ನಾನು” ಎಂದಳು. “ಅವನು ಬೇಡ ಅಂದ. ನಾನೇ ಕೈಗೆ ತುರುಕ್ದೆ. ಗಂಡಸಾಗು ಅಂದೆ.”

ಡೆಲ್ಫೀನ್ ಒರೆಸುವುದನ್ನು ನಿಲ್ಲಿಸಲಿಲ್ಲ.

“ನಿಮಗೆ ತಾಗಿದಾಗ… ಚಪ್ಪಾಳೆ ಹೊಡ್ದೆ. ಯಾರು ಬಿದ್ರು ಅಂತ ನೋಡೋ ಮುಂಚೆ.”

ಈಗ ಡೆಲ್ಫೀನಳ ಕೈ ನಿಂತಿತು. “ಅದು ನೀವಾ?” ಎಂದಳು ಮೆಲ್ಲಗೆ. “ನಂಗೆ ಕೇಳಿಸ್ತು. ಎಲ್ಲ ಕಡೆ ಗಲಾಟೆ, ಆದ್ರೂ ಅದೊಂದು ಬೇರೆಯಾಗಿ ಕೇಳಿಸ್ತು. ಏಟಿನ ನೋವು ಈಗ ನೆನಪಿಲ್ಲ. ಅದು ನೆನಪಿದೆ. ಯಾರಿಗೆ ಇಷ್ಟು ಖುಷಿ ಆಯ್ತಪ್ಪ ಅಂತ ಆಸ್ಪತ್ರೇಲಿ ಮಲಗಿ ಯೋಚನೆ ಮಾಡ್ತಿದ್ದೆ.”

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ನಾಡೀನ್‌ಗೆ. ನೆಲ ಗಟ್ಟಿಯಾಗಿಯೇ ಇತ್ತು.

“ಕ್ಷಮಿಸು ಅಂತ ಕೇಳೋಕೆ ಬಂದ್ರಾ?”

“ಹೌದು. ಅಲ್ಲ… ಗೊತ್ತಿಲ್ಲ.”

“ಇವತ್ತು ನನ್ ಕೈಲಾಗಲ್ಲ. ನಾಳೆಗೂ ಆಗುತ್ತೆ ಅಂತ ಹೇಳಲ್ಲ.” ಡೆಲ್ಫೀನ್ ಬಟ್ಟೆಯನ್ನು ಪಾತ್ರೆ ತೊಳೆಯುವ ತೊಟ್ಟಿಗೆಸೆದಳು. “ಒಂದು ಕೇಳ್ತೀನಿ. ನಿಮ್ಮ ಯಜಮಾನ್ರು ಕುಡುಕ ಅಂತಾರಲ್ಲ, ಹೌದಾ?”

“ಇಲ್ಲ. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿಲ್ಲ.”

“ಹಾಗಾದ್ರೆ ಅದನ್ನ ನಂಗೆ ಹೇಳಿ ಏನುಪಯೋಗ? ನಿಮ್ಮೂರಲ್ಲಿ ಹೇಳಿ.”

ಮರುದಿನ ಚರ್ಚಿನಲ್ಲಿ, ಪ್ರಾರ್ಥನೆ ಬೇಕಾದವರು ಹೇಳಿಕೊಳ್ಳುವ ಹೊತ್ತಿನಲ್ಲಿ, ನಾಡೀನ್ ಹಾಡುಗಾರರ ಸಾಲಿನಿಂದ ಎದ್ದಳು. ಆರ್ಫಾ ಕರುಣೆಯಿಂದ ತಲೆಯಾಡಿಸಿದಳು. ನಾಡೀನ್ ಇದ್ದದ್ದನ್ನು ಇದ್ದಹಾಗೆ ಹೇಳಿದಳು: ಡಬ್ಬಿ, ಗಂಡಸಾಗು ಎಂದದ್ದು, ಚಪ್ಪಾಳೆ, ಕೋಲ್ಬಿಯ ಮುಂದೆ ಬಾಯಿ ಮುಚ್ಚಿಕೊಂಡದ್ದು. ಜೀವನದಲ್ಲಿ ಮೊದಲ ಸಲ ಅವಳ ದನಿ ಹಿಂದಿನ ಸಾಲಿಗೆ ಮುಟ್ಟಲಿಲ್ಲ, “ಏನಂದ್ಲು?” ಎಂದು ಮುದುಕರೊಬ್ಬರು ಪಕ್ಕದವರನ್ನು ಕೇಳಿದರು. ಅವಳು ಇನ್ನೊಮ್ಮೆ ಹೇಳಬೇಕಾಯಿತು.

ಯಾರೂ ಬೈಯಲಿಲ್ಲ. ಹೊರಗೆ ಬಂದಾಗ ಜನ ಅವಳ ಸುತ್ತ ದಾರಿ ಬಿಟ್ಟು ನಡೆದರು. ಆರ್ಫಾ ಹತ್ತಿರ ಬಂದು, “ನನ್ ಪಾತ್ರೆ ತೊಳೆದಿಟ್ಟಿದ್ರೆ ಕೊಡು” ಎಂದಳು. ಬುಧವಾರ ಫೋನು ಬಂತು, ಸ್ವಲ್ಪ ಕಾಲ ಹಾಡುವುದು ಬೇಡ ಎಂದು. ನಾಡೀನ್ ಕೋಲ್ಬಿಯ ಬಳಿಯೂ ಹೋಗಿ ಹೇಳಿಕೆ ಬರೆದುಕೊಟ್ಟಳು. ಸರ್ಕಾರಿ ವಕೀಲರು ಓದಿ, ಇದರ ಮೇಲೆ ಕೇಸು ನಡೆಸುವುದಿಲ್ಲ ಎಂದರು. ಅವಳು ಏನಾದರೂ ಶಿಕ್ಷೆ ಸಿಗಲಿ ಎಂದು ಒಳಗೇ ಬಯಸಿದ್ದಳು. ಕಾಯಿದೆಗೆ ಅವಳು ಬೇಡವಾಗಿದ್ದಳು.

ಚರ್ಚಿನಲ್ಲಿ ಹೇಳಿದ ಆ ಭಾನುವಾರ ಸಂಜೆಯೇ ಜೈಲಿನಿಂದ ಕರೆತರುವಾಗ ಗಾರ್ನೆಟ್‌ಗೆ ಎಲ್ಲವನ್ನೂ ಹೇಳಿದ್ದಳು.

“ನೀನ್ಯಾಕೆ ಹೇಳ್ಲಿಲ್ಲ ನನ್ ಹೆಸ್ರು?” ಎಂದು ಅವಳೇ ಕೇಳಿದಳು.

“ಹೇಳಿದ್ರೆ ಸುಳ್ಳಾಗ್ತಿತ್ತು” ಎಂದ. “ನೀನು ಅಂದಿದ್ದಕ್ಕೇ ಎಸೆದೆ ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ. ಆ ಕೆಸ್ಲಿಂಗ್ ಹುಡುಗನ ಕಾರಿನ ಕಿಟಕಿಗೇ ಗುರಿ ಇಟ್ಟಿದ್ದೆ ನಾಡೀನ್. ಕೈಯಿಂದ ಬಿಡುವಾಗ ಎಷ್ಟು ಹಿತ ಆಯ್ತು ಗೊತ್ತಾ? ಅದನ್ನ ಯಾರ ಹತ್ರ ಹೇಳ್ಲಿ?”

ಅವಳು ರಸ್ತೆಯ ಅಂಚಿಗೆ ಕಾರು ನಿಲ್ಲಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಆಮೇಲೆ ಗಾರ್ನೆಟ್, “ಗಂಡಸಾಗು ಅಂದಿದ್ದು ಮಾತ್ರ ಅನ್ಬಾರ್ದಿತ್ತು” ಎಂದ. “ಹೌದು, ಅನ್ಬಾರ್ದಿತ್ತು” ಎಂದಳು ಅವಳು.

ಇಪ್ಪತ್ತು ವಾರ ಮುಗಿದವು. ಮೈದಾನದ ಬೀಗದ ಕೈ ಅವನಿಗೆ ವಾಪಸು ಬರಲಿಲ್ಲ. ಕುಡುಕ ಎಂಬ ಮಾತು ಮಾತ್ರ ಊರಿನಲ್ಲಿ ನಿಂತುಹೋಯಿತು. ನಾಡೀನ್ ಚರ್ಚಿನಲ್ಲಿ ಈಗ ಹಿಂದಿನ ಸಾಲಿನಲ್ಲಿ ಕೂತು, ಎಲ್ಲರ ಜೊತೆ ಸಣ್ಣಗೆ ಹಾಡುತ್ತಾಳೆ.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ದಿನಸಿ ಅಂಗಡಿಯಲ್ಲಿ ಡೆಲ್ಫೀನ್ ಎದುರಾದಳು. ಕಪ್ಪು ಬಟ್ಟೆಯ ಬದಲು ಗಾಜಿನ ಕಣ್ಣು ಬಂದಿತ್ತು. ನಾಡೀನ್ ತಳ್ಳುಗಾಡಿಯನ್ನು ಪಕ್ಕಕ್ಕೆಳೆದು ದಾರಿ ಬಿಟ್ಟಳು. ಡೆಲ್ಫೀನ್ ದಾಟಿ ಹೋದವಳು ನಿಂತು, ಹಿಂತಿರುಗಿ, ತಲೆಯನ್ನು ಓರೆ ಮಾಡಿ ನೋಡಿದಳು.

“ಯಜಮಾನ್ರು ಹೇಗಿದಾರೆ?”

“ಕೆಲಸಕ್ಕೆ ಹೋಗ್ತಿದಾರೆ. ಊಟ ಮಾಡ್ತಾರೆ ಈಗ.”

“ಕೇಳ್ದೆ ಅಂತ ಹೇಳಿ” ಎಂದಳು ಡೆಲ್ಫೀನ್.

ನೀವು ಹೇಗಿದ್ದೀರಿ ಎಂದು ಅವಳು ನಾಡೀನಳನ್ನು ಕೇಳಲಿಲ್ಲ. ನಾಡೀನ್ ಕೂಡ ಅದನ್ನು ನಿರೀಕ್ಷಿಸಿರಲಿಲ್ಲ. “ಹೇಳ್ತೀನಿ” ಎಂದು ತಲೆ ತಗ್ಗಿಸಿ, ಡೆಲ್ಫೀನ್ ಬಾಗಿಲು ದಾಟಿ ಹೋಗುವವರೆಗೆ ಅಲ್ಲೇ ನಿಂತಿದ್ದಳು.