ಮೂರನೇ ಬ್ಲಾಕಿನ ಗಂಡಸರು

ನಮ್ಮ ಪೇಟೆಯ ಹೆಸರು ಹೇಳುವುದಿಲ್ಲ. ಉಡುಪಿಗೂ ಕಾರ್ಕಳಕ್ಕೂ ಬಸ್ಸಿರುವ ಒಂದು ಪೇಟೆ ಎಂದಿಟ್ಟುಕೊಳ್ಳಿ. ಹೆಸರು ಹೇಳಿದರೆ ಪುರಸಭೆಯವರು ಮಾನಹಾನಿ ಎಂದು ನನ್ನನ್ನೇ ಕೋರ್ಟಿಗೆ ಎಳೆದಾರು. ನಮ್ಮ ಮಾನ ತೆಗೆದದ್ದಕ್ಕೆ ಮಾತ್ರ ಯಾವ ಕೋರ್ಟೂ ಇಲ್ಲ. ನಾನು ನಳಿನಾಕ್ಷಿ, ಕಾಪುವಿನವಳು, ಮೀನು ಮಾರುವವಳು. ಎಂಟನೇ ಕ್ಲಾಸು ಓದಿದ್ದೇನೆ. ಇವಳ ಬಾಯಿ ಜೋರು ಎನ್ನುತ್ತಾರೆ. ಮೀನು ಮಾರುವವಳ ಬಾಯಿ ಮೆತ್ತಗಿದ್ದರೆ ಬುಟ್ಟಿಯಲ್ಲಿದ್ದ ಬಂಗುಡೆಯನ್ನೆಲ್ಲ ಪುಕ್ಕಟೆ ಕೊಟ್ಟು ಮನೆಗೆ ಬರಬೇಕಾದೀತು.

ಪೇಟೆಯ ಮಾರ್ಕೆಟಿನಲ್ಲಿ ನಾಲ್ಕು ಬ್ಲಾಕುಗಳಿದ್ದವು. ನನ್ನ ಅಜ್ಜಿಯ ಕಾಲಕ್ಕೆ ಬ್ಲಾಕೂ ಇರಲಿಲ್ಲ, ನಂಬರೂ ಇರಲಿಲ್ಲ. ಗೋಳಿಮರದ ಬುಡದಲ್ಲಿ ಬುಟ್ಟಿ ಇಳಿಸಿ ಕುಳಿತ ಹೆಂಗಸರೇ ಮಾರ್ಕೆಟು. ಮೀನಿಗೆ ಜನ ಬರುತ್ತಾರೆಂದು ಮಟ್ಟುವಿನಿಂದ ಗುಳ್ಳದ ಬದನೆಯವರು ಬಂದರು, ಬೆಳ್ಮಣ್ಣಿನಿಂದ ತೆಂಗಿನಕಾಯಿಯವರು ಬಂದರು, ಅವರ ಬೆನ್ನಿಗೆ ಜಿನಸಿನ ಅಂಗಡಿ ಬಂತು. ಆಮೇಲೆ ಬ್ರಿಟಿಷರ ಕಾಲದ ಯಾವನೋ ಎಂಜಿನಿಯರು ಹಂಚಿನ ಮಾಡು ಹಾಕಿಸಿ ರಸ್ತೆಯ ಬದಿಯಿಂದ ನಂಬರು ಕೊಟ್ಟ. ಜಿನಸು ಒಂದು, ತರಕಾರಿ ಎರಡು, ಮೀನು ಮೂರು, ಕೋಳಿ ನಾಲ್ಕು. ಎಲ್ಲರಿಗಿಂತ ಮೊದಲು ಬಂದ ನಾವು ಮೂರನೆಯವರಾದೆವು. ಹೋಗಲಿ ಬಿಡಿ. ಆ ನಂಬರೇ ಕ್ರಮೇಣ ಊರಿನ ಬಾಯಲ್ಲಿ ಹೆಸರಾಯಿತು. "ಮೂರನೇ ಬ್ಲಾಕಿಗೆ ಹೋಗಿ ಬರ್ತೇನೆ" ಎಂದು ಗಂಡ ಹೇಳಿದರೆ ಹೆಂಡತಿ ಮಸಾಲೆ ಅರೆಯಲು ಕೂರುತ್ತಿದ್ದಳು.

ಒಳಗೆ ಯಾರ ಜಾಗ ಯಾವುದೆಂದು ಬರೆದಿಡುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ನಮ್ಮದು ಅಳಿಯಕಟ್ಟಿನ ಜನ. ಮನೆ, ಕುಟುಂಬ, ಎಲ್ಲವೂ ತಾಯಿಯ ಕಡೆಯಿಂದ. ಮೀನಿನ ಜಾಗವೂ ಹಾಗೆಯೇ, ತಾಯಿಯಿಂದ ಮಗಳಿಗೆ. ಅಮ್ಮನಿಗೆ ಸೊಂಟ ಹಿಡಿದ ವರ್ಷ, ಮಳೆಗಾಲ ಕಳೆದು ದೋಣಿ ಇಳಿದ ದಿನ, ಅವಳು ನನ್ನನ್ನು ಕರೆದುಕೊಂಡು ಹೋಗಿ ಹನ್ನೊಂದನೆಯ ಜಾಗದಲ್ಲಿ ಖಾಲಿ ಬುಟ್ಟಿಯೊಂದಿಗೆ ಕೂರಿಸಿದಳು. ಬ್ಲಾಕಿನ ಒಬ್ಬೊಬ್ಬ ಹೆಂಗಸೂ ತನ್ನ ಬುಟ್ಟಿಯಿಂದ ಒಂದು ಮೀನು ತಂದು ನನ್ನ ಬುಟ್ಟಿಗೆ ಹಾಕಿದಳು. ಅಷ್ಟೇ, ಜಾಗ ನನ್ನದಾಯಿತು. ಪಕ್ಕದ ಜಾಗದ ಅಕ್ಕು ದೊಡ್ಡಮ್ಮ ಒಳ್ಳೆಯ ದಪ್ಪ ಮಾಂಜಿ ಹಾಕಿದ್ದಳು. ಉಳಿದವರು ಬೂತಾಯಿ ಹಾಕಿ ಪಾರಾದರು, ಜಿಪುಣಿಯರು.

ಎಂಬತ್ತೊಂದನೇ ಇಸವಿಯಲ್ಲಿ ಪುರಸಭೆಗೆ ಇದ್ದಕ್ಕಿದ್ದಂತೆ ನಮ್ಮ ಮೇಲೆ ಪ್ರೀತಿ ಉಕ್ಕಿತು. ಹಳೆಯ ಬ್ಲಾಕುಗಳನ್ನೆಲ್ಲ ಕೆಡವಿ ಮೂರು ಮಾಳಿಗೆಯ ಹೊಸ ಕಟ್ಟಡ ಕಟ್ಟುತ್ತಾರಂತೆ, ಸಿಮೆಂಟಿನ ಕಟ್ಟೆಯಂತೆ, ನಳ್ಳಿ ನೀರಂತೆ. "ಹಳಬರಿಗೆ ಹಳೆಯ ನಂಬರೇ" ಎಂದು ಮೈಕಿನಲ್ಲಿ ಹೇಳಿಸಿದರು. ನಂಬಿದೆವು. ಎರಡು ಮಳೆಗಾಲ ಟಾರ್ಪಾಲಿನ ಕೆಳಗೆ ಕೆಸರಿನಲ್ಲಿ ಕುಳಿತು ಮಾರಿದೆವು. ಅಕ್ಕು ದೊಡ್ಡಮ್ಮನ ಕಾಲಿನ ಬೆರಳೆಲ್ಲ ಹುಣ್ಣಾಗಿ, ಗೋಣಿ ಸುತ್ತಿಕೊಂಡು ಕೂರುತ್ತಿದ್ದಳು. ಕೈ ಕೆಸರು ನಮ್ಮದು, ಬಾಯಿ ಮೊಸರು ಯಾರದೆಂದು ಆಮೇಲೆ ಗೊತ್ತಾಯಿತು.

ಉದ್ಘಾಟನೆಗೆ ವಾರ ಇರುವಾಗ ಹೊಸ ಬ್ಲಾಕು ನೋಡಲು ಹೋದೆವು. ಕಟ್ಟೆಗಳು ಸಾಲಾಗಿದ್ದವು. ಪ್ರತಿ ಕಟ್ಟೆಯ ಹಿಂದಿನ ಸುಣ್ಣದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನಂಬರು, ನಂಬರಿನ ಕೆಳಗೆ ಹೆಸರು. ಓದು ಬರುವವಳು ನಾನೊಬ್ಬಳೇ ಆದ್ದರಿಂದ ಎಲ್ಲರೂ ನನ್ನ ಸುತ್ತ ನಿಂತರು. ಓದುತ್ತಾ ಹೋದ ಹಾಗೆ ನನ್ನ ಮಂಡೆ ಬಿಸಿಯಾಗತೊಡಗಿತು. ಒಂದೇ ಒಂದು ಹೆಂಗಸಿನ ಹೆಸರಿಲ್ಲ! ಇಡೀ ಬ್ಲಾಕಿನಲ್ಲಿ ಗಂಡಸರು. ಬೊಂಬಾಯಿ ಹೋಟೆಲಿನಲ್ಲಿ ಲೋಟ ತೊಳೆಯುವವನಿಗೆ ಒಂದು ಕಟ್ಟೆ, ಶೇಂದಿ ಅಂಗಡಿ ಬಿಟ್ಟು ಏಳದವನಿಗೆ ಒಂದು ಕಟ್ಟೆ. ಪಕ್ಕದ ಎರಡನೇ ಬ್ಲಾಕಿನಲ್ಲಿ ತರಕಾರಿ ಮಾರುವ ರೋಸಿಬಾಯಿಯ ಜಾಗ ಅವಳ ಗಂಡ ಜೋಕಿಮನಿಗೆ. ಜೋಕಿಮ್ ಇದ್ದದ್ದು ಕುವೈತಿನಲ್ಲಿ. ಅಲ್ಲಿಂದ ಬಂದು ಅವನು ಬೆಂಡೆಕಾಯಿ ಮಾರಬೇಕಂತೆ!

ಹನ್ನೊಂದರ ಕೆಳಗೆ ಗುಣಪಾಲ ಎಂದಿತ್ತು. ನನ್ನ ಗಂಡ. ಮಗಳು ಹುಟ್ಟಿದ ಮರುವರ್ಷ ಜಗಳವಾಡಿ ಹೆಜಮಾಡಿಯ ತನ್ನ ಅಕ್ಕನ ಮನೆಗೆ ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಹನ್ನೆರಡನ್ನು ನೋಡಿದೆ. ಅದು ಅಕ್ಕು ದೊಡ್ಡಮ್ಮನ ಜಾಗ.

"ನನ್ನದ್ದು ಎಂತ ಬರೆದಿದ್ದಾರೆ, ಹೇಳು ಮಗಾ" ಎಂದಳು ಅಕ್ಕು ದೊಡ್ಡಮ್ಮ.

"ಬೂಬ ಅಂತ ಉಂಟು ದೊಡ್ಡಮ್ಮ."

ಬೂಬ ಅವಳ ಗಂಡ. ನಾನು ಲಂಗ ಹಾಕುತ್ತಿದ್ದ ಕಾಲದಲ್ಲೇ ದೋಣಿ ಮಗುಚಿ ಸತ್ತವರು. ದೊಡ್ಡಮ್ಮ ಮೊದಲು ನಕ್ಕುಬಿಟ್ಟಳು. "ಸತ್ತವರಿಗೆ ಜಾಗ ಸಿಕ್ಕಿತಲ್ಲ ಮಾರಾಯ್ತಿ! ಬದುಕಿದವಳಿಗೆ ಇಲ್ಲ" ಎಂದಳು. ಆಮೇಲೆ ನಗು ನಿಂತಿತು.

ಎಲ್ಲರೂ ಸೇರಿ ಮುಖ್ಯಾಧಿಕಾರಿಯ ಹತ್ತಿರ ಹೋದೆವು. ಘಟ್ಟದ ಮೇಲಿನಿಂದ ಬಂದವರು, ಬಿಳಿ ಅಂಗಿ, ಮೀನಿನ ವಾಸನೆಗೆ ಕರವಸ್ತ್ರ ಮೂಗಿನ ಹತ್ತಿರವೇ ಇತ್ತು.

"ನೋಡಮ್ಮ, ಕುಟುಂಬದ ಯಜಮಾನರ ಹೆಸರಲ್ಲಿ ಮಾಡಿದೀವಿ. ಎಲ್ಲಾ ಕಡೇನೂ ಹಾಗೇನೇ."

"ನಮ್ಮಲ್ಲಿ ಜಾಗ ಅಮ್ಮನಿಂದ ಮಗಳಿಗೆ ಬರುವುದು ಸಾರ್. ಗಂಡಸರು ಈ ಬ್ಲಾಕಿಗೆ ಕಾಲೇ ಇಟ್ಟವರಲ್ಲ" ಎಂದೆ.

"ಅದೆಲ್ಲ ಹಳೇ ಕಾಲದ್ದು. ಗಂಡನ ಹೆಸರಲ್ಲಿದ್ರೆ ನಿಮ್ಮದೇ ಅಲ್ವೇನಮ್ಮ?"

"ಹಾಗಾದರೆ ನಿಮ್ಮ ಕುರ್ಚಿಯನ್ನು ನಿಮ್ಮ ಹೆಂಡತಿಯ ಹೆಸರಲ್ಲಿ ಬರೆಯಿರಿ. ನಿಮ್ಮದೇ ಅಲ್ವಾ?"

ಹಿಂದಿನಿಂದ ಯಾರೋ ನನ್ನ ಸೆರಗು ಎಳೆದರು. ಮುಖ್ಯಾಧಿಕಾರಿ ಕೆಂಪಾದರು. ಹೆಸರಿದ್ದವರೇ ಬಂದು ಕೂರಬೇಕು, ಬೇರೆಯವರು ಕೂರುವುದಾದರೆ ಹೆಸರಿದ್ದವರ ಸಹಿ ತರಬೇಕು, ಉದ್ಘಾಟನೆಯ ದಿನ ಎರಡೂ ಇಲ್ಲದಿದ್ದರೆ ಜಾಗ ಹರಾಜು ಎಂದು ಹೇಳಿ ಎದ್ದು ಹೋದರು.

ಮನೆಗೆ ಬಂದು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಆ ಜಾಗ ಹೋದರೆ ನನಗೆ ಬೇರೆ ಏನೂ ಇರಲಿಲ್ಲ. ಅಮ್ಮನ ಔಷಧಿ, ಮಗಳ ಶಾಲೆ, ನಮ್ಮ ಗಂಜಿ, ಎಲ್ಲ ಹನ್ನೊಂದನೆಯ ಜಾಗದಿಂದಲೇ ಬರಬೇಕು. ಅಂಥ ಜಾಗಕ್ಕಾಗಿ, ನನ್ನ ಮುಖ ನೋಡದವನ ಮನೆ ಬಾಗಿಲಿಗೆ ನಾನು ಹೋಗಿ ನಿಲ್ಲಬೇಕಿತ್ತು. ಹೋದೆ. ಹೊಟ್ಟೆಯ ಮುಂದೆ ಯಾವ ಮರ್ಯಾದೆ?

ಹೆಜಮಾಡಿಯಲ್ಲಿ ಗುಣಪಾಲ ಜಗಲಿಯಲ್ಲಿ ಕಾಲು ಚಾಚಿ ಬೀಡಿ ಸೇದುತ್ತಿದ್ದ. ವಿಷಯ ಅವನಿಗೆ ಆಗಲೇ ಗೊತ್ತಿತ್ತು. ಐಸ್ ಪ್ಲಾಂಟಿನ ಧಣಿಯೊಬ್ಬರು ಬಂದು ಹೋಗಿದ್ದರು. ಮೂರನೇ ಬ್ಲಾಕಿನ ಗಂಡಸರಿಗೆ ದುಡ್ಡು ಕೊಟ್ಟು ಸಹಿ ತೆಗೆದುಕೊಂಡು, ಇಡೀ ಬ್ಲಾಕನ್ನು ಕೋಲ್ಡ್ ಸ್ಟೋರೇಜು ಮಾಡುವ ಅಂದಾಜು ಅವರದು. ಪುರಸಭೆಯ ಪ್ರೀತಿ ಎಲ್ಲಿಂದ ಉಕ್ಕಿತೆಂದು ನನಗೆ ಆಗ ಹೊಳೆಯಿತು.

"ನಾನು ಹೋಗಿ ಕೇಳಿದ್ದಾ?" ಎಂದ ಗುಣಪಾಲ. "ಅವರೇ ಬರೆದದ್ದು. ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದೆಯುದಾ? ಧಣಿಗೆ ಮಾತು ಕೊಟ್ಟಾಗಿದೆ."

ಒಳಗೆ ಅಕ್ಕಿ ತೊಳೆಯುತ್ತಿದ್ದ ಅವನ ಅಕ್ಕ ಗುಲಾಬಿ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಅವಳೂ ಬುಟ್ಟಿ ಹೊತ್ತವಳೇ, ಮೂಲ್ಕಿಯ ಕಡೆ ಮನೆ ಮನೆಗೆ ಮಾರುವವಳು. ನನಗೂ ಅವಳಿಗೂ ಅಂಥ ಪ್ರೀತಿಯೇನಿರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

"ಏ ಗುಣಪಾಲ, ನೀನು ಕೂತ ಈ ಜಗಲಿ ಯಾರದ್ದು?"

"ಅಮ್ಮನದ್ದು."

"ಅಮ್ಮ ಹೋದ ಮೇಲೆ?"

"ನಿನ್ನದ್ದು ಅಕ್ಕ. ಈಗ ಅದೆಂತಕ್ಕೆ?"

"ನಿನ್ನ ಭಾವ ಹೋಗಿ ಇದನ್ನು ಅವರ ಹೆಸರಿಗೆ ಬರೆಸಿಕೊಂಡು ಬಂದರೆ ನೀನು ಎಲ್ಲಿ ಮಲಗುದು? ಕಡಲ ಬದಿಯಲ್ಲಾ?"

ಗುಣಪಾಲನ ಬೀಡಿ ಆರಿತು.

"ಯಜಮಾನನಂತೆ ಯಜಮಾನ! ಬೂತಾಯಿಗೂ ಬಂಗುಡೆಗೂ ರೇಟು ಗೊತ್ತಿಲ್ಲದ ಯಜಮಾನ! ಹೆಸರಿದ್ದವನೇ ಕೂರಬೇಕು ಅಂದಿದ್ದಾರಲ್ಲ? ಹೋಗಿ ಕೂರು. ಉದ್ಘಾಟನೆಯ ದಿನ ನಾನೇ ಕರೆದುಕೊಂಡು ಬರ್ತೇನೆ. ಮಾರು ಮೀನು. ಧಣಿಗೆ ಸಹಿ ಹಾಕಿದೆಯೋ, ಈ ಮನೆಯಲ್ಲಿ ನಿನಗೆ ಒಂದು ಲೋಟ ಗಂಜಿನೀರೂ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿಂತದ್ದೆಂತ? ಹೋಗಿ ಉಳಿದವರಿಗೂ ಹೇಳು. ಅವರವರ ಯಜಮಾನರನ್ನು ಅವರವರು ತರಲಿ" ಎಂದಳು.

ತಂದರು. ಬೊಂಬಾಯಿಯವನನ್ನೂ ತಂತಿ ಹೊಡೆದು ಕರೆಸಿದ್ದರು. ಅಬ್ಬಾ, ಆ ದಿನದ ಚಂದ! ಮಾವಿನ ತೋರಣದ ಕೆಳಗೆ, ಮೈಕಿನಲ್ಲಿ ಪದ್ಯ ಹಾಡುತ್ತಿರುವಾಗ, ಮೂರನೇ ಬ್ಲಾಕಿನ ಕಟ್ಟೆಗಳ ಮೇಲೆ ಗಂಡಸರು ಸಾಲಾಗಿ ಕುಳಿತಿದ್ದರು. ಒಬ್ಬ ಬೂತಾಯಿಯನ್ನು ಬಾಲದಿಂದ ಕೊಯ್ಯತೊಡಗಿದ್ದ. ಇನ್ನೊಬ್ಬ ಕೈ ಕೊಯ್ದುಕೊಂಡು ಬೆರಳು ಚೀಪುತ್ತಿದ್ದ. ಗುಣಪಾಲ ಇಸ್ತ್ರಿಯ ಅಂಗಿಯಲ್ಲಿ ಹನ್ನೊಂದರ ಮೇಲೆ ಮುದುಡಿ ಕುಳಿತಿದ್ದ. ಗಿರಾಕಿಗಳು ಬೇಕೆಂದೇ ಅವನನ್ನು ಕೇಳುತ್ತಿದ್ದರು, "ಯಜಮಾನ್ರೇ, ಅಂಜಲ್ ಹೇಗೆ ಕೊಟ್ಟದ್ದು?" ಅವನ ಮುಂದಿದ್ದದ್ದು ಬಂಗುಡೆ. ನಾವು ಹೆಂಗಸರು ಎದುರಿನ ಗೋಡೆಗೆ ಒರಗಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆವು. ಗುಲಾಬಿಯೂ ಇದ್ದಳು. ಹನ್ನೆರಡರಲ್ಲಿ ಯಾರೂ ಇರಲಿಲ್ಲ. ಅಕ್ಕು ದೊಡ್ಡಮ್ಮ ಖಾಲಿ ಕಟ್ಟೆಯ ಪಕ್ಕದಲ್ಲಿ ಬುಟ್ಟಿಯ ಮುಂದೆ ನೆಲದ ಮೇಲೆ ಕುಳಿತಿದ್ದಳು.

ಮುಖ್ಯಾಧಿಕಾರಿ ಅತಿಥಿಗಳನ್ನು ಕರೆದುಕೊಂಡು ಒಳಗೆ ಬಂದರು. ಹಿಂದೆ ಮಣಿಪಾಲದಿಂದ ಬಂದ ಪೇಪರಿನವರೊಬ್ಬರು, ಕುತ್ತಿಗೆಯಲ್ಲಿ ಕ್ಯಾಮರಾ. ಐಸ್ ಪ್ಲಾಂಟಿನ ಧಣಿಯೂ ಇದ್ದರು.

"ಏನಿದು ನಾಟಕ?" ಎಂದರು ಮುಖ್ಯಾಧಿಕಾರಿ.

"ನಾಟಕ ಅಲ್ಲ ಸಾರ್, ಯಜಮಾನರು" ಎಂದೆ. "ನೀವೇ ಕೂರಲು ಹೇಳಿದ್ದು."

ಜನ ಗೊಳ್ಳೆಂದರು. ಅತಿಥಿಗಳೂ ನಕ್ಕರು. ಕ್ಯಾಮರಾ ಒಂದು ಸಲ ಮಿಂಚಿತು. ಮುಖ್ಯಾಧಿಕಾರಿ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು, "ಆಯ್ತಮ್ಮ, ರಂಪ ಬೇಡ. ಇವರೆಲ್ಲ ಈಗಲೇ ಸಹಿ ಹಾಕಿ ನಿಮಗೆ ಬಿಟ್ಟುಕೊಡಲಿ. ಪೆನ್ನು ನನ್ನ ಹತ್ರಾನೇ ಇದೆ."

ಗುಣಪಾಲನಿಗೆ ಕಟ್ಟೆಯಿಂದ ಇಳಿದರೆ ಸಾಕಾಗಿತ್ತು. ಪೆನ್ನಿಗೆ ಕೈ ಚಾಚಿದ. ಸತ್ಯ ಹೇಳುತ್ತೇನೆ, ಒಂದು ಕ್ಷಣ ನನಗೂ ಸಾಕೆನಿಸಿತು. ಹಾಕಿಬಿಡಲಿ, ಜಾಗ ಸಿಕ್ಕಿತಲ್ಲ. ಆಮೇಲೆ ಮಗಳ ನೆನಪಾಯಿತು. ನಾಳೆ ಅವಳು ಇಲ್ಲಿ ಕೂರುವಾಗ, ಅಪ್ಪ ದಾನ ಕೊಟ್ಟ ಜಾಗ ಎಂದು ಕೂರಬೇಕಾ? 

"ಕೈ ತೆಗಿ!" ಎಂದೆ. "ಕೊಡಲು ಇದು ನಿನ್ನದ್ದಾ? ನೀನು ಎಂತ ಕೊಡುದು? ನಿನ್ನ ಹತ್ತಿರ ಎಂತ ಉಂಟು?"

ಅವನ ಮುಂದಿದ್ದ ಕತ್ತಿ ಎತ್ತಿಕೊಂಡು ಕಟ್ಟೆ ಹತ್ತಿದೆ. ಅವನು ಹೆದರಿ ಕೆಳಗೆ ಹಾರಿದ. ಗೋಡೆಯ ಮೇಲಿನ ಗುಣಪಾಲ ಎಂಬ ಹೆಸರನ್ನು, ಮೀನಿನ ಸಿಪ್ಪೆ ತೆಗೆಯುವ ಹಾಗೆ, ಪೂರ್ತಿ ಕೆರೆದು ತೆಗೆದೆ. ಹನ್ನೊಂದು ಮಾತ್ರ ಉಳಿಯಿತು.

"ಸರಕಾರಿ ಗೋಡೆ ಅದು! ಕೇಸ್ ಹಾಕ್ತೀನಿ!"

"ಹಾಕಿ. ಯಾರ ಹೆಸರಲ್ಲಿ ಹಾಕ್ತೀರಿ? ಗಂಡನ ಹೆಸರಲ್ಲಾ?"

ಆಗಲೇ ಉಳಿದ ಹೆಂಗಸರೂ ಕತ್ತಿ ಹಿಡಿದು ಕಟ್ಟೆ ಹತ್ತಿಯಾಗಿತ್ತು. ಬ್ಲಾಕು ತುಂಬ ಪರಪರ ಸದ್ದು, ಸುಣ್ಣದ ಧೂಳು. ಗಂಡಸರು ಬದುಕಿದೆವೆಂದು ಹೊರಗೆ ಓಡಿದರು. ಧಣಿ ಯಾವಾಗ ಜಾರಿಕೊಂಡರೋ ಗೊತ್ತಾಗಲಿಲ್ಲ. ಅತಿಥಿಗಳು ಮುಖ್ಯಾಧಿಕಾರಿಯ ಕಿವಿಯಲ್ಲಿ ಏನೋ ಹೇಳಿದರು. ಮುಖ್ಯಾಧಿಕಾರಿ ಬೆವರು ಒರೆಸಿಕೊಂಡು ಗಟ್ಟಿಯಾಗಿ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕಾಯಿತು: "ನಾಳೆಯಿಂದ ಕೂರೋ ಹೆಂಗಸರ ಹೆಸರೇ ಬರೆಸ್ತೀವಿ. ಹಳೇ ಹೆಸರು ಅಳಿಸಿದ ಕಡೆ ಮಾತ್ರ ಬರೆಸ್ತೀವಿ."

ಗೆದ್ದೆವು. ಗುಲಾಬಿ ನನ್ನ ಬೆನ್ನಿಗೆ ಒಂದು ಗುದ್ದಿದಳು. ನಾನು ನಗುತ್ತಾ ತಿರುಗಿದರೆ, ಇಡೀ ಬ್ಲಾಕಿನಲ್ಲಿ ಒಂದೇ ಒಂದು ಹೆಸರು ಗೋಡೆಯ ಮೇಲೆ ಉಳಿದಿತ್ತು. ಅಕ್ಕು ದೊಡ್ಡಮ್ಮ ಅದರ ಮುಂದೆ ನಿಂತಿದ್ದಳು.

"ನಾನು ಕೆರೆಯಲಾ ದೊಡ್ಡಮ್ಮ?"

"ಅವರ ಹೆಸರು ಎಲ್ಲಿಂದ ಎಲ್ಲಿಯವರೆಗೆ ಉಂಟು, ತೋರಿಸು."

ಅವಳ ಬೆರಳು ಹಿಡಿದು ಆ ನೀಲಿ ಅಕ್ಷರಗಳ ಮೇಲೆ ಇಟ್ಟೆ.

"ಇಷ್ಟೇಯಾ?"

"ಇಷ್ಟೇ. ಎರಡೇ ಅಕ್ಷರ."

ಬೂಬನ ಹೆಣ ಸಿಕ್ಕಿರಲಿಲ್ಲ. ಸುಟ್ಟ ಜಾಗವಿಲ್ಲ, ಫೋಟೋ ಇಲ್ಲ. ಆ ಮನುಷ್ಯನ ಹೆಸರನ್ನು ಯಾರಾದರೂ ಎಲ್ಲಾದರೂ ಬರೆದದ್ದಿದ್ದರೆ ಅದು ಈ ಗೋಡೆಯ ಮೇಲೆ ಮಾತ್ರ. ದೊಡ್ಡಮ್ಮ ಎರಡು ಅಕ್ಷರಗಳ ಮೇಲೂ ಬೆರಳಾಡಿಸಿದಳು, ಮತ್ತೊಮ್ಮೆ ಆಡಿಸಿದಳು. ಮುಖ್ಯಾಧಿಕಾರಿಗೂ ಅದು ಅರ್ಥವಾಗಿರಬೇಕು. "ಬೇಕಾದ್ರೆ ಅದೊಂದು ಇರಲಿ ಬಿಡಮ್ಮ" ಎಂದರು.

"ಇದ್ದರೆ ಜಾಗ ಅವರದ್ದು ಅಂತೀರಿ" ಎಂದಳು ದೊಡ್ಡಮ್ಮ. ಅವಳ ದನಿ ಏರಲಿಲ್ಲ. "ಜಾಗ ಬೇಕಾದರೆ ಇವರು ಹೋಗಬೇಕು. ಇವರನ್ನು ಕಡಲು ಒಂದು ಸಲ ತೆಗೆದುಕೊಂಡಿತು ಸಾರ್. ಕಡಲಿಗೆ ಬುದ್ಧಿ ಇಲ್ಲ. ನೀವು ಓದಿದವರು. ನೀವು ನನ್ನ ಕೈಯಿಂದಲೇ ತೆಗೆಸುತ್ತಾ ಇದ್ದೀರಿ."

ಅವಳು ನನ್ನ ಕೈಯಿಂದ ಕತ್ತಿ ತೆಗೆದುಕೊಂಡಳು. ಯಾವ ಗಂಡಸಿಗೂ ಇಲ್ಲದ ಧೈರ್ಯ ಅವಳಿಗೆ ಆವತ್ತು ಎಲ್ಲಿಂದ ಬಂತೋ, ಒಂದೊಂದೇ ಅಕ್ಷರ ಕೆರೆದಳು. ಆಮೇಲೆ ಕಟ್ಟೆಯ ಮೇಲೆ ಕುಳಿತು, ಬುಟ್ಟಿಯ ಮೀನಿನ ಮೇಲೆ ಬಿದ್ದ ನೀಲಿ ಧೂಳನ್ನು ಒರೆಸದೆ, ಮಧ್ಯಾಹ್ನದವರೆಗೆ ಯಾರಿಗೂ ಒಂದು ಮೀನೂ ಮಾರಲಿಲ್ಲ.