ಬೆಂಬಾ ಡಾಕ್ಟರಮ್ಮನ ಬೆರಳು

ಕಬ್ವೆಯ ಆಸ್ಪತ್ರೆ ಬೆಂಚಿನಿಂದ ಜೋಸಾಮ್ ಜೆರೆ ಆಗಲೇ ಮೂರು ಸಲ ಎದ್ದು ಹೋಗಿ ಬಂದಿದ್ದ. ಮೂತ್ರ ಹನಿಹನಿಯಾಗಿ ಬರುತ್ತಿತ್ತು, ಈಚೆಗೆ ರಕ್ತ ಬೇರೆ. ಅಣ್ಣನನ್ನು ನುಂಗಿದ ಕ್ಯಾನ್ಸರ್ ಹೀಗೇ ಶುರುವಾಗಿತ್ತು. ತನಗೂ ಅದೇ ಬಂದಿದೆಯೋ ಏನೋ, ಇವತ್ತು ಗೊತ್ತಾಗಲೇಬೇಕು. ಕರೆದರೆಂದು ಒಳಗೆ ಹೋಗಿ ನೋಡಿದರೆ, ಡಾಕ್ಟರು ಹೆಂಗಸು! ಮಗಳ ವಯಸ್ಸಿನವಳು. ಸಾಲದ್ದಕ್ಕೆ, ಕೋಟಿನ ಮೇಲಿನ ಹೆಸರು ಹೇಳುವಂತೆ, ಬೆಂಬಾ ಕುಲದವಳು.

ಇವನು ಎನ್ಗೋನಿ. ಎರಡೂ ಕುಲದ ಮುತ್ತಜ್ಜಂದಿರು ಕಡಿದಾಡಿ ಸುಸ್ತಾದ ಮೇಲೆ, ಎದುರಾದಲ್ಲೆಲ್ಲ ಗೇಲಿ ಮಾಡಿಕೊಳ್ಳುವುದೇ ಪದ್ಧತಿಯಾಗಿತ್ತು. ಹೆಣದ ಮುಂದೆಯೂ ಬಿಡುತ್ತಿರಲಿಲ್ಲ.

"ಓಹೋ, ಇಲಿ ತಿನ್ನೋರು!" ಚೀಟಿಯಲ್ಲಿ ಹೆಸರು ಕಂಡದ್ದೇ ಡಾಕ್ಟರ್ ಚಿಲೆಕ್ವಾ ಶುರು ಹಚ್ಚಿಕೊಂಡಳು. "ಪ್ಯಾಂಟ್ ಬಿಚ್ಚಿ, ಗೋಡೆ ಕಡೆ ತಿರುಗಿ ಮಲ್ಕೊಳ್ಳಿ. ಹಿಂದುಗಡೆಯಿಂದ ಬೆರಳು ಹಾಕಿ ಒಳಗಿನ ಗ್ರಂಥಿ ನೋಡ್ಬೇಕು."

"ಗಂಡು ಡಾಕ್ಟರು ಯಾರೂ ಇಲ್ವೇನಮ್ಮ?"

"ಇದಾರೆ. ಅವರ ಬೆರಳು ನನ್ನದಕ್ಕಿಂತ ದಪ್ಪ. ಕರೀಲಾ?"

ಜೋಸಾಮ್ ತೆಪ್ಪಗೆ ಬಿಚ್ಚಿದ. ಮೂವತ್ತು ವರ್ಷ ಬಸ್ಸು ಓಡಿಸಿ ಊರನ್ನೆಲ್ಲ ಗದರಿಸಿದವನು ಈಗ ಮಂಡಿ ಮಡಚಿ, ಕುಂಡೆ ಬಿಟ್ಟುಕೊಂಡು ಮಲಗಿದ. ಥೂ, ಇದೂ ಒಂದು ಬಾಳೇ!

"ಬಿಗಿ ಹಿಡೀಬೇಡಿ. ಈಟಿ ಹಿಡಿದ ಶೂರರ ಮೊಮ್ಮಗ, ಒಂದು ಬೆರಳಿಗೆ ಹಿಂಗೆ ನಡುಗೋದಾ!"

"ಕೋತಿ ಸುಲಿದು ತಿನ್ನೋರ ಬೆರಳು ನಿಮ್ಮದು, ಯಾರಿಗೆ ಭಯ ಆಗಲ್ಲ? ಅಯ್ಯಯ್ಯೋ! ಮೆಲ್ಲಗೆ ತಾಯಿ!"

"ಬಿಲದಿಂದ ಇಲಿ ಎಳೆಯೋವಾಗ ನೀವೇನು ಮೆಲ್ಲಗೆ..."

ಮಾತು ಅರ್ಧಕ್ಕೇ ನಿಂತಿತು. ಬೆರಳು ಒಂದು ಕಡೆ ತಡೆದು, ಮತ್ತೆ ಅಲ್ಲಿಗೇ ಬಂದು ಒತ್ತಿತು. ಜೋಸಾಮ್ ಕಾದ. ಗೇಲಿ ಮುಂದುವರಿಯಲಿಲ್ಲ.

"ಆಯ್ತು. ನಿಧಾನಕ್ಕೆ ಏಳಿ, ಅಪ್ಪಾಜಿ."

ಅಪ್ಪಾಜಿ! ಬೆಂಬಾದವಳು ಎನ್ಗೋನಿಯವನಿಗೆ ಅಪ್ಪಾಜಿ ಅನ್ನುವುದುಂಟೇ? ಅವನು ಪ್ಯಾಂಟು ಏರಿಸುವುದನ್ನೂ ಮರೆತು ತಿರುಗಿದ.

"ಗಂಟಿದೆಯಾ?"

"ಒಂದು ಕಡೆ ಗಟ್ಟಿಯಾಗಿದೆ. ಚೂರು ತೆಗೆದು ಪರೀಕ್ಷೆಗೆ ಕಳಿಸೋಣ. ಅದು ಬರೋವರೆಗೂ ಏನೂ ಹೇಳಕ್ಕಾಗಲ್ಲ, ಅಪ್ಪಾಜಿ."

"ಅಪ್ಪಾಜಿ ಅನ್ಬೇಡ!" ಅವನಿಗೆ ಅಳುವೇ ಬಂದುಬಿಟ್ಟಿತು. "ಕೈ ಮುಗೀತೀನಿ, ಬೈಯಮ್ಮ. ಬಾಯಿಗೆ ಬಂದಂಗೆ ಬೈಯಿ."

ಚಿಲೆಕ್ವಾ ಬಗ್ಗಿ, ಅವನ ಶೂಗಳನ್ನು ಎತ್ತಿ ಅವನ ಕಾಲ ಬಳಿ ಜೋಡಿಸಿ ಇಟ್ಟಳು.