ಒರೆಗಲ್ಲಿನ ಖಾಲಿ ಚೌಕ

"ನಿನ್ನ ಪ್ರಕಾರವೇ ಹೇಳೋದಾದ್ರೆ, ನಾಳೆ ನನ್ನ ಓಟು ಆ ಗೋಡೆ ಮೇಲಿನ ನಗುಮುಖದವನಿಗೆ," ಎಂದು ಅತ್ತೆ ಪತ್ರಿಕೆಯನ್ನು ಮಡಚಿ ಸೊಸೆಯ ಚಹಾ ಲೋಟದ ಪಕ್ಕಕ್ಕಿಟ್ಟರು.

ಲೋಟಕ್ಕೆ ಕೈಹಾಕಿದ್ದವಳು ಹಾಗೇ ನಿಂತಳು. "ನಾನು ಯಾವಾಗ ಹಾಗೆ ಬರೆದೆ, ಅತ್ತೆ?"

"ಬರೆಯೋದೇನು, ಕಣ್ಣಿಗೇ ಕಾಣುತ್ತಲ್ಲ. ಟೀಚರಮ್ಮನಿಗೆ ವಾರವಿಡೀ ಕೆಂಪು ಗೀಟು. ಅವನಿಗೆ ಒಂದೂ ಇಲ್ಲ. ನಾನು ನರ್ಸಾಗಿ ಆಯಸ್ಸೆಲ್ಲ ಚಾರ್ಟು ನೋಡಿದವಳು ಕಣೇ. ಕೆಂಪು ಗೀಟು ಜಾಸ್ತಿ ಇದ್ರೆ ಆಸಾಮಿಗೆ ಮೈ ಹುಷಾರಿಲ್ಲ ಅಂತಲೇ ಅರ್ಥ."

"ಚಾರ್ಟೇ ಇಲ್ಲದ ರೋಗಿಗೆ ಏನಂತೀರಿ?"

"ಅಂಥವರು ಒಂದೋ ಗಟ್ಟಿಮುಟ್ಟಾಗಿರ್ತಾರೆ, ಇಲ್ಲಾ ದೊಡ್ಡ ಡಾಕ್ಟರ ಸಂಬಂಧಿಕರಾಗಿರ್ತಾರೆ." ತಮ್ಮ ಮಾತಿಗೆ ತಾವೇ ನಕ್ಕು ಅತ್ತೆ ಕನ್ನಡಕ ಒರೆಸಿಕೊಂಡರು. "ನನ್ನನ್ನ ಯಾಕೆ ಕೇಳ್ತೀ? ನೀನು ತಾನೇ ಒರೆಗಲ್ಲಮ್ಮ."

ಆ ಹೆಸರನ್ನು ಕೊಟ್ಟದ್ದು ಅವಳು ಕೆಲಸ ಮಾಡುವ ಪತ್ರಿಕೆಯ ಕಚೇರಿ. ಚುನಾವಣೆ ಬಂದರೆ ಪತ್ರಿಕೆಯಲ್ಲಿ 'ಒರೆಗಲ್ಲು' ಎಂಬ ಅಂಕಣ ಬರುತ್ತಿತ್ತು. ಅಭ್ಯರ್ಥಿಗಳ ತೆರಿಗೆ, ಬಜೆಟ್ಟಿನ ಪ್ರಸ್ತಾವಗಳನ್ನು ಅವಳು ಅಲ್ಲಿ ಸಾಲುಸಾಲಾಗಿ ಉಜ್ಜಿ ನೋಡುತ್ತಿದ್ದಳು. ತಾಳೆಯಾಗದ್ದರ ಕೆಳಗೆ ಕೆಂಪು ಗೀಟು. ಅದಕ್ಕೊಂದು ನಿಯಮವಿತ್ತು: ಬರೆದು ಕೊಟ್ಟದ್ದಕ್ಕೆ ಮಾತ್ರ ಒರೆ, ಬಾಯಿಮಾತಿಗೆ ಇಲ್ಲ. ಹಿಂದೊಮ್ಮೆ ಒಬ್ಬ ಮಂತ್ರಿ ಮಹಾಶಯರು "ನಾನು ಹಾಗೆ ಹೇಳೇ ಇಲ್ಲ" ಎಂದು ಕೈ ತೊಳೆದುಕೊಂಡ ಮೇಲೆ ಆ ನಿಯಮವನ್ನು ಮಾಡಿದವಳೂ ಅವಳೇ. ಆಗ ಎಲ್ಲರೂ ಬೆನ್ನು ತಟ್ಟಿದ್ದರು.

ಈ ಸಲ ರಾಜ್ಯದ ಗದ್ದುಗೆಗೆ ಇಬ್ಬರು. ಟೀಚರಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದವರು. ಹಳೆಯ ಚಾಳಿ ಬಿಡದೆ ತಮ್ಮ ಯೋಜನೆಯನ್ನು ಪುಸ್ತಕವನ್ನಾಗಿಯೇ ಅಚ್ಚು ಹಾಕಿಸಿದ್ದರು. ಬೀಗ ಜಡಿದಿಟ್ಟ ಮನೆಗಳಿಗೂ ಬೆಲೆ ಏರಲೆಂದು ಬೀಳುಬಿಟ್ಟ ಸೈಟುಗಳಿಗೂ ತೆರಿಗೆ; ಆ ದುಡ್ಡು ಸರ್ಕಾರಿ ಆಸ್ಪತ್ರೆಗಳ ಉಚಿತ ಔಷಧಕ್ಕೆ. ಅತ್ತೆ ದುಡಿದ ಆಸ್ಪತ್ರೆಯಲ್ಲೇ ಔಷಧ ಕೊಡುವ ಕಿಟಕಿ ಈಗ ತೆರೆದಿರುವುದಕ್ಕಿಂತ ಮುಚ್ಚಿರುವುದೇ ಹೆಚ್ಚು. ಅವಳು ಆ ಪುಸ್ತಕವನ್ನು ಉಜ್ಜಿದಳು. ಮೊದಲ ವರ್ಷದ ವಸೂಲಿಯನ್ನು ಟೀಚರಮ್ಮ ತುಸು ಧಾರಾಳವಾಗಿ ಹಿಡಿದಿದ್ದರು, ಗೀಟು. ಒಂದು ಸಮಿತಿಯ ಹೆಸರು ತಪ್ಪಿತ್ತು, ಅದಕ್ಕೂ ಗೀಟು. ಟೀಚರಮ್ಮ ಸ್ವತಃ ಫೋನ್ ಮಾಡಿ, "ಸರಿಯಾಗಿ ಹಿಡಿದಿದೀರಮ್ಮ, ತಿದ್ದಿಕೊಳ್ತೀನಿ" ಎಂದಿದ್ದರು. ಸಂಜೆಯ ಹೊತ್ತಿಗೆ ಟೀವಿಯವರೆಲ್ಲ ಅವಳ ಗೀಟುಗಳನ್ನು ಎರವಲು ಪಡೆದು 'ಲೆಕ್ಕದಲ್ಲಿ ಟೀಚರ್ ಫೇಲ್' ಎಂದು ಡಂಗುರ ಹೊಡೆದರು. ಹಣ್ಣಿರುವ ಮರಕ್ಕೇ ಕಲ್ಲು.

ನಗುಮುಖದವರು ಏನನ್ನೂ ಬರೆದಿರಲಿಲ್ಲ. ಊರ ಗೋಡೆಗಳ ಮೇಲೆಲ್ಲ ನಗುತ್ತಾ, "ಬಿಡಿಗಾಸಿನ ಹೊಸ ತೆರಿಗೆಯೂ ಇಲ್ಲ, ಎಲ್ಲರಿಗೂ ಎಲ್ಲವೂ ಉಂಟು" ಎನ್ನುತ್ತಿದ್ದರು, ಅಷ್ಟೆ.

ಕಚೇರಿಗೆ ಬಂದವಳೇ ಅವರ ವಕ್ತಾರನಿಗೆ ಫೋನ್ ಹಚ್ಚಿದಳು. ಆತ ಜೇನು ಸವರಿದ ದನಿಯವನು.

"ಮೇಡಂ, ನಮ್ಮ ಸಾಹೇಬ್ರ ಮನಸ್ಸೇ ಬಜೆಟ್ಟು."

"ಮನಸ್ಸನ್ನೇ ಒಂದು ಹಾಳೆ ಮೇಲೆ ಬರೆದು ಕಳಿಸಿ. ಸಂಜೆವರೆಗೆ ಕಾಯ್ತೀನಿ."

"ಅಯ್ಯೋ, ಬರೆದ್ರೆ ನೀವು ಗೀಟು ಹಾಕ್ತೀರಲ್ಲ!" ಆತ ಮನಸಾರೆ ನಕ್ಕ. "ನಿಜ ಹೇಳ್ಲಾ? ನಾವೂ ಒಂದು ಪುಸ್ತಕ ಮಾಡಿಟ್ಟಿದ್ವಿ. ಟೀಚರಮ್ಮನಿಗೆ ನೀವು ಬಾರಿಸಿದ ಮೊದಲನೇ ದಿನದ ಅಂಕಣ ಓದಿ ಸಾಹೇಬ್ರು ಅದನ್ನ ಬೀರುವಿಗೆ ಹಾಕಿಸಿಬಿಟ್ರು. ನಿಮ್ಮಿಂದ ತುಂಬಾ ಉಪಕಾರ ಆಯ್ತು ಮೇಡಂ."

ಫೋನ್ ಇಟ್ಟಾಗ ಅವಳ ಕಿವಿಯ ತುದಿ ಸುಡುತ್ತಿತ್ತು. ಹಿಂದೆ ಬೈಸಿಕೊಂಡಿದ್ದಳು, ಮೊಕದ್ದಮೆಯ ಬೆದರಿಕೆ ಎದುರಿಸಿದ್ದಳು. ಅವೆಲ್ಲ ಮೈಗೆ ತಾಗಿರಲಿಲ್ಲ. ಈ 'ಉಪಕಾರ' ಮಾತ್ರ ಕೆಂಡ ನುಂಗಿದಂತಾಯಿತು.

ಸಂಪಾದಕರ ಕೋಣೆಗೆ ಅವಳು ಬಾಗಿಲು ತಟ್ಟದೆ ನುಗ್ಗಿದಳು. ಅವರು ಆಗಷ್ಟೇ ಕಣ್ಣಿಗೆ ಔಷಧದ ಹನಿ ಹಾಕಿಕೊಂಡು, ಕಣ್ಣು ಮುಚ್ಚಿ, ಸೂರಿನ ಕಡೆ ಮುಖ ಮಾಡಿ ಕೂತಿದ್ದರು.

"ಸರ್, ಇವತ್ತು ಒರೆಗಲ್ಲಿನಲ್ಲಿ ಅವರ ಬಾಯಿಮಾತಿಗೇ ಗೀಟು ಹಾಕ್ತೀನಿ."

"ಯಾರಮ್ಮ ಅದು? ಓ, ನೀನಾ." ಅವರು ಕಣ್ಣು ತೆರೆಯಲಿಲ್ಲ. "ಆಟದ ಕೊನೇ ಗಳಿಗೇಲಿ ನಿಯಮ ಬದಲಾಯಿಸಿದ್ರೆ ಪಕ್ಷಪಾತ ಅಂತಾರೆ. ನಿಯಮ ನಿಂದೇ."

"ನಂದೇ. ಅದಕ್ಕೇ ಹೊಟ್ಟೆ ಉರೀತಿರೋದು! ಬರೆದವರಿಗೆ ಏಟು, ಬಾಯಿ ಮುಚ್ಚಿಕೊಂಡವರಿಗೆ ಸನ್ಮಾನ. ಇದನ್ನ ನಾವು ಪರಿಶೀಲನೆ ಅಂತ ಮಾರ್ತಿದೀವಿ. ನಮ್ಮತ್ತೆ ನನ್ನ ಅಂಕಣ ಓದಿ ತೆರಿಗೆ ಬೇಡ ಅಂತ ಆಸ್ಪತ್ರೆಗೇ ಬೀಗ ಹಾಕಿಸೋನಿಗೆ ಓಟು ಹಾಕ್ತಾರಂತೆ!"

"ಪುಣ್ಯ. ನಮ್ಮನೇಲಿ ಪತ್ರಿಕೇನೇ ಓದಲ್ಲ."

ಅವಳು ನಗಲಿಲ್ಲ. ಅವರು ಕಣ್ಣು ತೆರೆದರು. ಔಷಧ ಕೆನ್ನೆಗಿಳಿದು ಅಳುತ್ತಿರುವವರಂತೆ ಕಂಡರು.

"ಹಾಗಾದ್ರೆ ನಿಯಮದ ಪ್ರಕಾರವೇ ಮಾಡ್ತೀನಿ," ಎಂದಳು ಅವಳು. "ಅವರ ಹೆಸರು, ಕೆಳಗೆ 'ಇವರು ಬರೆದು ಕೊಟ್ಟ ತೆರಿಗೆ ಪ್ರಸ್ತಾವ' ಅನ್ನೋ ತಲೆಬರಹ. ಅದರ ಕೆಳಗೆ ಚೌಕ ಖಾಲಿ. ಒಂದಕ್ಷರ ಇರಲ್ಲ."

ಸಂಪಾದಕರು ಕೆನ್ನೆ ಒರೆಸಿಕೊಂಡರು. "ಬಿಳಿ ಜಾಗ ನೋಡಿದ್ರೆ ಜಾಹೀರಾತಿನವರಿಗೆ ಜೊಲ್ಲು ಸುರಿಯುತ್ತೆ," ಎಂದರು. ಆಮೇಲೆ, "ಹೋಗು, ಮಾಡು. ಹಠ ನಿಂದು, ಹಣೆಬರಹ ನಂದು."

ಅವಳು ಚೌಕ ಬಿಡಿಸಿದಳು. ಒಳಗೆ 'ಇಲ್ಲಿ ಖಾಲಿ ಬಿಡಿ' ಎಂದು ಬರೆದು, ನೋಡಿ, ಅಳಿಸಿದಳು. ಹಿಂದೊಮ್ಮೆ 'ಇಲ್ಲಿ ಹೆಣದ ಫೋಟೊ ಹಾಕಿ' ಎಂಬ ಸೂಚನೆ ಹಾಗೆಯೇ ಅಚ್ಚಾಗಿ, ಸತ್ತವರ ಮನೆಯವರು ಕಚೇರಿಯ ಮುಂದೆ ಬಂದು ನಿಂತದ್ದು ಇನ್ನೂ ಯಾರಿಗೂ ಮರೆತುಹೋಗಿರಲಿಲ್ಲ. ಪುಟ ಕಟ್ಟುವ ಪೇಜಣ್ಣನಿಗೆ ಸಂಪಾದಕರು ಹೇಳುತ್ತಾರೆಂದು ಅವಳು ಹೊರಟಳು. ಅವಳು ಹೇಳಿರುತ್ತಾಳೆಂದು ಸಂಪಾದಕರು ಹೊರಟರು.

ಮತದಾನದ ಬೆಳಿಗ್ಗೆ ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಪತ್ರಿಕೆ ಹರಡಿಕೊಂಡು ಕೂತಿದ್ದರು. ಮುಖ ಅರಳಿತ್ತು.

"ನೋಡು, ಕೊನೆಗೂ ಬರೆದುಕೊಟ್ಟಿದಾನೆ! ನೀನೂ ಒಂದೇ ಒಂದು ಗೀಟು ಹಾಕಿಲ್ಲ."

ಅವಳು ಪತ್ರಿಕೆಯನ್ನು ಕಿತ್ತುಕೊಂಡಳು. 'ಇವರು ಬರೆದು ಕೊಟ್ಟ ತೆರಿಗೆ ಪ್ರಸ್ತಾವ.' ಅದರ ಕೆಳಗೆ ಅವಳ ಚೌಕದ ತುಂಬ ಆ ನಗು, ಹಲ್ಲು ಹಲ್ಲೂ ಎಣಿಸುವಷ್ಟು ಸ್ಪಷ್ಟ. 'ಬಿಡಿಗಾಸಿನ ಹೊಸ ತೆರಿಗೆಯೂ ಇಲ್ಲ. ಎಲ್ಲರಿಗೂ ಎಲ್ಲವೂ ಉಂಟು.' ಜಾಹೀರಾತು ಎಂಬ ಮಾತು ಮೂಲೆಯಲ್ಲಿ ಸೊಳ್ಳೆಯ ಕಾಲಿನಷ್ಟು ಸಣ್ಣದಾಗಿತ್ತು. ನೆತ್ತಿಯ ಮೇಲೆ ಕಿರೀಟದಂತೆ 'ಒರೆಗಲ್ಲು'.

ಪೇಜಣ್ಣ ಫೋನ್ ಎತ್ತಿದಾಗ ನಿದ್ದೆಗಣ್ಣಿನಲ್ಲಿದ್ದ.

"ಅಕ್ಕಾ, ನೀವು ಬಿಳಿ ಬಿಟ್ಟು ಹೋಗಿಬಿಟ್ಟಿದ್ರಿ! ಅಳತೆಗೆ ಸರಿಯಾಗಿ ಜಾಹೀರಾತಿನವರ ಹತ್ರ ಇದೊಂದಿತ್ತು. ಬೇರೆ ಯಾರಾದ್ರೂ ಆಗಿದ್ರೆ ಸಂಪಾದಕರಿಗೆ ಚಾಡಿ ಹೇಳ್ತಿದ್ರು. ನಿಮ್ಮ ಮರ್ಯಾದೆ ನಾನು ಉಳಿಸ್ದೆ."

"ಪೇಜಣ್ಣಾ..." ಅವಳು ಹಣೆ ಚಚ್ಚಿಕೊಂಡಳು. "ಅದು ಖಾಲೀನೇ ಇರಬೇಕಿತ್ತು ಕಣೋ. ಅದೇ ಸುದ್ದಿ!"

"ಖಾಲಿ ಸುದ್ದೀನಾ?" ಆತ ಆಕಳಿಸಿದ. "ಹೋಗ್ಲಿ ಬಿಡಿ ಅಕ್ಕ, ನಾಳೆ ಒಂದು ತಿದ್ದುಪಡಿ ಹಾಕಿದ್ರಾಯ್ತು."

"ನಾಳೆ!" ಎಂದು ಅವಳು ಕಿರುಚಿದ ರಭಸಕ್ಕೆ ಅತ್ತೆ ಕೈಚೀಲ ಬೀಳಿಸಿದರು.

ಅವಳು ಫೋನನ್ನು ಮೇಜಿನ ಮೇಲೆ ಕುಕ್ಕಿ, ಡ್ರಾಯರಿನಿಂದ ಕತ್ತರಿ ತೆಗೆದಳು. ಪತ್ರಿಕೆಗೆ ತಿವಿದು, ಚೌಕದ ಗೆರೆಯುದ್ದಕ್ಕೂ, ನಗುವಿನ ನಾಲ್ಕೂ ಕಡೆ ಕತ್ತರಿಸಿದಳು. ಗೆರೆ ತಪ್ಪಲಿಲ್ಲ. ಕತ್ತರಿಸಿದ ಮುಖವನ್ನು ಮುದ್ದೆಮಾಡಿ ಕಸದ ಬುಟ್ಟಿಗೆಸೆದು, ಪುಟವನ್ನು ಅತ್ತೆಯ ಮುಂದಿಟ್ಟಳು.

"ಅಯ್ಯೋ, ಹಿಂದಿದ್ದ ಪದಬಂಧ ಹೋಯ್ತಲ್ಲೇ!" ಎಂದರು ಅತ್ತೆ. ಆಮೇಲೆ ಸೊಸೆಯ ಮುಖ ನೋಡಿ ದನಿ ತಗ್ಗಿಸಿದರು. "ಇದು ನೀನು ಬರೆದದ್ದಲ್ವಾ?"

"ಅಲ್ಲ."

"ಮತ್ತೆ ನೀನು ಬರೆದದ್ದು?"

ಅವಳು ತೂತಿನ ಕಡೆ ಬೊಟ್ಟುಮಾಡಿದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ತಲೆಬರಹವನ್ನು ಮತ್ತೆ ಓದಿದರು. ಕೆಳಗಿನ ತೂತಿನೊಳಗೆ ಬೆರಳು ತೂರಿಸಿ, ಮೇಜನ್ನು ಮುಟ್ಟಿ, ಏನಾದರೂ ಅಂಟಿದೆಯೇ ಎನ್ನುವಂತೆ ಬೆರಳ ತುದಿ ನೋಡಿಕೊಂಡರು. ಕೈಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಏನೋ ನೆನಪಾದವರಂತೆ ತಿರುಗಿ ಬಂದು ಆ ಪುಟವನ್ನೂ ತೆಗೆದುಕೊಂಡು ಹೊರಟರು.

ಅವಳು ಕಿಟಕಿಯ ಸರಳು ಹಿಡಿದು ನಿಂತಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗೋಡೆ ಗೋಡೆಯ ಮೇಲೂ ಆ ಮುಖ ನಗುತ್ತಿದ್ದ ಬೀದಿಯಲ್ಲಿ ಅತ್ತೆ ಪತ್ರಿಕೆಯನ್ನು ತಲೆಯ ಮೇಲೆ ಅಡ್ಡ ಹಿಡಿದುಕೊಂಡು, ಯಾವುದನ್ನೂ ನೋಡದೆ, ಮತಗಟ್ಟೆಯ ಕಡೆಗೆ ನಡೆಯುತ್ತಿದ್ದರು. ಪತ್ರಿಕೆಯ ನೆರಳಿನಲ್ಲಿ ಅವರ ಬಿಳಿಗೂದಲ ಮೇಲೆ ತೂತಿನ ಚೌಕದಷ್ಟು ಬಿಸಿಲು ಬಿದ್ದಿತ್ತು. ತಿರುವಿನವರೆಗೂ ಅದು ಅವರ ಜೊತೆಯಲ್ಲೇ ಹೋಯಿತು.